ರೆಸ್ಟ್, ಎಸ್‌ಎಸ್‌ಇ, ವೆಬ್‌ಸಾಕೆಟ್, ಜಿಆರ್‌ಪಿಸಿ, ಕ್ಯೂ: ಯಾವ ಕೆಲಸಕ್ಕೆ ಯಾವುದು?

ಇವೆಲ್ಲ ಪ್ರೋಗ್ರಾಂಗಳು ನೆಟ್‌ವರ್ಕ್‌ನಲ್ಲಿ ಒಂದರೊಡನೊಂದು ಮಾತಾಡುವ ಬಗೆಗಳು. ಆರಿಸಲು ಎರಡು ಪ್ರಶ್ನೆಗಳಿಗೆ ಮೊದಲು ಉತ್ತರ ಬರೆದಿಟ್ಟುಕೊಳ್ಳಿ: ಮಾತು ಶುರುಮಾಡುವುದು ಯಾರು? ಕೇಳಿದವರು ಉತ್ತರ ಬರುವವರೆಗೆ ಕಾಯಲೇಬೇಕೇ?

ಕ್ಲೈಂಟ್ (ಬ್ರೌಸರ್, ಆ್ಯಪ್) ಕೇಳುತ್ತದೆ, ಸರ್ವರ್ ಕೂಡಲೇ ಉತ್ತರಿಸುತ್ತದೆ ಎಂದಾದರೆ ಜೆಸಾನ್ (ಸರಳ ಪಠ್ಯರೂಪದ ಡೇಟಾ) ಕಳಿಸುವ ರೆಸ್ಟ್ ಎಪಿಐ (ವೆಬ್ ವಿಳಾಸಕ್ಕೆ ಮಾಡುವ ಸಾಮಾನ್ಯ ಎಚ್‌ಟಿಟಿಪಿ ಕರೆ) ಸಾಕು. ಉತ್ತರವನ್ನು ಕ್ಯಾಶ್ ಮಾಡಬಹುದು (ಉಳಿಸಿಟ್ಟು ಮತ್ತೆ ಬಳಸಬಹುದು), ದೋಷ ಹುಡುಕುವುದೂ ಸುಲಭ. ಮಾಹಿತಿ ಅರ್ಧ ನಿಮಿಷ ತಡವಾದರೂ ನಡೆಯುತ್ತದೆಯೇ? ಹಾಗಿದ್ದರೆ 30 ಸೆಕೆಂಡಿಗೊಮ್ಮೆ ಪೋಲಿಂಗ್ ಮಾಡಿ (ಹೊಸದೇನಿದೆ ಎಂದು ಕ್ಲೈಂಟ್ ಮತ್ತೆ ಮತ್ತೆ ಕೇಳಲಿ), ನಾಚಿಕೆ ಬೇಡ.

ಸರ್ವರ್ ತಾನಾಗಿಯೇ ಸುದ್ದಿ ಮುಟ್ಟಿಸಬೇಕು ಎಂದೊಡನೆ ಎಲ್ಲರ ಕೈ ವೆಬ್‌ಸಾಕೆಟ್ (ಎರಡೂ ಕಡೆಯವರು ಮಾತಾಡಬಲ್ಲ ತೆರೆದ ಸಂಪರ್ಕ) ಕಡೆಗೇ ಹೋಗುತ್ತದೆ. ಆದರೆ ಸುದ್ದಿ ಸರ್ವರ್‌ನಿಂದ ಮಾತ್ರ ಬರುವುದಾದರೆ (ನೋಟಿಫಿಕೇಶನ್, ಕೆಲಸದ ಪ್ರಗತಿ) ಎಸ್‌ಎಸ್‌ಇ (ಸರ್ವರ್-ಸೆಂಟ್ ಈವೆಂಟ್ಸ್: ಸರ್ವರ್ ಸುದ್ದಿ ಕಳಿಸುತ್ತಲೇ ಇರುವ ಎಚ್‌ಟಿಟಿಪಿ ಸಂಪರ್ಕ) ಹಗುರ. ಸಂಪರ್ಕ ಕಡಿದರೆ ಬ್ರೌಸರ್ ತಾನೇ ಮತ್ತೆ ಜೋಡಿಸಿಕೊಳ್ಳುತ್ತದೆ. ಘಟನೆಗಳಿಗೆ ಐಡಿ ಕೊಟ್ಟಿದ್ದರೆ ಕೊನೆಗೆ ಸಿಕ್ಕಿದ್ದು ಯಾವುದೆಂದೂ ತಿಳಿಸುತ್ತದೆ. ತೊಡಕು ಎರಡು ಕಡೆ. ಸರ್ವರ್ ಮುಂದೆ ನಿಂತು ಕರೆಗಳನ್ನು ದಾಟಿಸುವ ಎನ್‌ಜಿನ್‌ಎಕ್ಸ್‌ನ ಪ್ರಾಕ್ಸಿ ಬಫರಿಂಗ್ (ಉತ್ತರವನ್ನು ಕೂಡಿಟ್ಟು ಕಳಿಸುವುದು) ಆನ್ ಇದ್ದರೆ ಸುದ್ದಿಗಳು ಅಲ್ಲೇ ತಡೆದು, ಒಟ್ಟಾಗಿ ಬಂದು ಬೀಳುತ್ತವೆ. ಎಸ್‌ಎಸ್‌ಇ ಬಳಸುವ ವಿಳಾಸಕ್ಕೆ ಅದನ್ನು ಆಫ್ ಮಾಡಿ. ಎಚ್‌ಟಿಟಿಪಿ 1.1ರಲ್ಲಿ ಬ್ರೌಸರ್ ಒಂದು ಡೊಮೇನ್‌ಗೆ ಸಾಮಾನ್ಯವಾಗಿ 6 ಸಂಪರ್ಕ ಮಾತ್ರ ಕೊಡುವುದರಿಂದ ಏಳನೇ ಟ್ಯಾಬ್ ತೆರೆದವರ ಪುಟ ಸುಮ್ಮನೆ ನಿಂತುಬಿಡುತ್ತದೆ. ಎಚ್‌ಟಿಟಿಪಿ 2 ಹಾಕಿದರೆ ಈ ಕಾಟವಿಲ್ಲ.

ಚಾಟ್, ಆಟ, ಹಲವರು ಒಟ್ಟಿಗೆ ತಿದ್ದುವ ಕಡತ: ಎರಡೂ ಕಡೆಯಿಂದ ಪದೇಪದೇ ಮಾತು ಹೋಗುವಲ್ಲಿ ವೆಬ್‌ಸಾಕೆಟ್ಟೇ ಸರಿ. ಸೆಟ್ಟಿಂಗ್ ಬದಲಿಸದಿದ್ದರೆ ಎನ್‌ಜಿನ್‌ಎಕ್ಸ್ 60 ಸೆಕೆಂಡ್ ಸದ್ದಿಲ್ಲದ ಸಂಪರ್ಕ ಮುಚ್ಚುತ್ತದೆ, ಅದಕ್ಕೇ ಸರ್ವರ್‌ನಿಂದ 25–30 ಸೆಕೆಂಡಿಗೊಂದು ಪಿಂಗ್ (ಸಂಪರ್ಕ ಜೀವಂತವಾಗಿಡುವ ಕಿರು ಸಂದೇಶ) ಕಳಿಸಿ. ಮರುಜೋಡಣೆಯನ್ನು ನೀವೇ ಬರೆಯಬೇಕು. ಮತ್ತೆ ಯತ್ನಿಸುವ ಮುನ್ನ ಕಾಯುವ ಸಮಯವನ್ನು ಪ್ರತಿ ಸಲ ದುಪ್ಪಟ್ಟು ಮಾಡಿ, ಅದರಲ್ಲಿ ಸ್ವಲ್ಪ ಯಾದೃಚ್ಛಿಕತೆ ಬೆರೆಸಿ. ಇಲ್ಲದಿದ್ದರೆ ಸರ್ವರ್ ಮರುಪ್ರಾರಂಭವಾದ ಕ್ಷಣವೇ ಎಲ್ಲ ಕ್ಲೈಂಟ್‌ಗಳೂ ಒಮ್ಮೆಲೇ ನುಗ್ಗಿ ಅದನ್ನು ಮತ್ತೆ ಕೆಡವುತ್ತವೆ. ಎರಡನೇ ಸರ್ವರ್ ಸೇರಿಸಿದ ದಿನ ಇನ್ನೊಂದು ಪೇಚು: ಕಳಿಸಿದವರು ಒಂದರಲ್ಲಿ, ಪಡೆಯಬೇಕಾದವರು ಇನ್ನೊಂದರಲ್ಲಿ. ನಡುವೆ ಸುದ್ದಿಯನ್ನು ಎಲ್ಲ ಸರ್ವರ್‌ಗಳಿಗೂ ಹಂಚುವ ರೆಡಿಸ್ ಪಬ್-ಸಬ್‌ನಂಥದ್ದು ಬೇಕು.

ನಿಮ್ಮದೇ ಸರ್ವಿಸ್‌ಗಳ ನಡುವಿನ ಮಾತಿಗೆ ಜಿಆರ್‌ಪಿಸಿ (ಇನ್ನೊಂದು ಸರ್ವಿಸ್‌ನ ಫಂಕ್ಷನ್ ಅನ್ನು ನೆಟ್‌ವರ್ಕ್ ಮೂಲಕ ಕರೆಯುವ ವಿಧಾನ) ಚೆನ್ನ. ಬ್ರೌಸರ್‌ನಿಂದ ನೇರ ಕರೆಯಲಾಗದು. ಡೆಡ್‌ಲೈನ್ (ಉತ್ತರಕ್ಕೆ ಕಾಯುವ ಗಡುವು) ತಾನಾಗಿ ಇರುವುದಿಲ್ಲ, ಪ್ರತಿ ಕರೆಗೂ ಇಡಿ. ಬರುವ ಸಂದೇಶದ ಪೂರ್ವನಿಗದಿತ ಮಿತಿ 4 ಎಂಬಿ. ಟಿಸಿಪಿ ಮಟ್ಟದ ಲೋಡ್ ಬ್ಯಾಲೆನ್ಸರ್ (ಕರೆಗಳನ್ನಲ್ಲ, ಸಂಪರ್ಕಗಳನ್ನಷ್ಟೇ ಸರ್ವರ್‌ಗಳಿಗೆ ಹಂಚುವಂಥದ್ದು) ಇಟ್ಟರೆ ಒಂದೇ ಸಂಪರ್ಕದ ಕರೆಗಳೆಲ್ಲ ಒಂದೇ ಸರ್ವರ್‌ನ ತಲೆಗೆ ಬೀಳುತ್ತವೆ.

ಇಮೇಲ್, ವರದಿ, ಚಿತ್ರ ಕುಗ್ಗಿಸುವಂಥ ಕಾಯಬೇಕಿಲ್ಲದ ಕೆಲಸಗಳನ್ನು ಕ್ಯೂಗೆ ಹಾಕಿ: ಅಲ್ಲಿ ಅವು ಸಂದೇಶಗಳಾಗಿ ಸಾಲು ನಿಲ್ಲುತ್ತವೆ, ವರ್ಕರ್ ಎಂಬ ಪ್ರೋಗ್ರಾಂ ಎತ್ತಿಕೊಂಡು ಮಾಡುತ್ತದೆ. ಅದೇ ಸಂದೇಶ ಎರಡು ಸಲ ಬಂದೇ ಬರುತ್ತದೆಂದು ಎಣಿಸಿ ಕೋಡ್ ಬರೆಯಿರಿ: ಸಂದೇಶದ ಐಡಿಯನ್ನು ಡೇಟಾಬೇಸ್‌ನಲ್ಲಿ ಯೂನಿಕ್ (ಒಂದೇ ಸಲ ಬರಬಹುದಾದದ್ದು) ಮಾಡಿದರೆ ಎರಡನೆಯದು ತಾನೇ ತಿರಸ್ಕೃತವಾಗುತ್ತದೆ. ಅಮೆಜಾನ್‌ನ ಕ್ಯೂ ಸೇವೆ ಎಸ್‌ಕ್ಯೂಎಸ್ ಬಳಸುವವರು ಗಮನಿಸಿ, ಅಲ್ಲಿ ವಿಸಿಬಿಲಿಟಿ ಟೈಮ್‌ಔಟ್ (ಎತ್ತಿಕೊಂಡ ಸಂದೇಶ ಇತರ ವರ್ಕರ್‌ಗಳಿಗೆ ಕಾಣದಿರುವ ಅವಧಿ) ಪೂರ್ವನಿಗದಿಯಂತೆ 30 ಸೆಕೆಂಡ್. ನಿಮ್ಮ ಕೆಲಸ ಒಂದು ನಿಮಿಷ ಹಿಡಿದರೆ ಇನ್ನೊಬ್ಬ ವರ್ಕರ್ ಅದನ್ನೇ ಎತ್ತಿಕೊಳ್ಳುತ್ತಾನೆ. ಸಂದೇಶಗಳನ್ನು ಪಾರ್ಟಿಶನ್ ಎಂಬ ಭಾಗಗಳಲ್ಲಿ ಹಂಚಿಡುವ ಕಾಫ್ಕಾದಲ್ಲಿ ಕ್ರಮ ಉಳಿಯುವುದು ಒಂದು ಪಾರ್ಟಿಶನ್‌ನೊಳಗೆ ಮಾತ್ರ, ಹಾಗಾಗಿ ಒಂದು ಆರ್ಡರ್‌ನ ಸಂದೇಶಗಳಿಗೆಲ್ಲ ಆರ್ಡರ್ ಐಡಿಯನ್ನೇ ಕೀ ಮಾಡಿ (ಒಂದೇ ಕೀ ಇರುವವು ಒಂದೇ ಪಾರ್ಟಿಶನ್‌ಗೆ ಹೋಗುತ್ತವೆ). ಐದು ಸಲ ಸೋತ ಸಂದೇಶ ಡೆಡ್ ಲೆಟರ್ ಕ್ಯೂಗೆ (ಸೋತವನ್ನು ಬೇರೆ ಇಡುವ ಕ್ಯೂಗೆ) ಹೋಗಲಿ, ಅಲ್ಲಿ ಒಂದು ಬಿದ್ದರೂ ಅಲಾರಂ ಬಾರಿಸುವಂತಿರಲಿ.