ಚಳಿಗಾಲದಲ್ಲಿ ಸ್ಪೋರ್ಟ್ಸ್ ಕಾರ್ ನಿಲ್ಲಿಸುವವರಿಗೆ ನಾಲ್ಕು ಮಾತು

ಮೊದಲು ಒಂದು ಅಭ್ಯಾಸ ಬಿಟ್ಟುಬಿಡಿ. ನಿಲ್ಲಿಸಿದ ಕಾರನ್ನು ವಾರಕ್ಕೊಮ್ಮೆ ಸುಮ್ನೆ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದು. ಕಾರಿಗೆ ಒಳ್ಳೆಯದಾಗಲಿ ಅಂತಲೇ ಮಾಡುತ್ತಾರೆ, ಆದರೆ ಆಗುವುದು ಕೆಟ್ಟದ್ದೇ. ಪೆಟ್ರೋಲ್ ಉರಿದಾಗ ನೀರಾವಿ ಹುಟ್ಟುತ್ತದೆ. ಇಂಜಿನ್ ಚೆನ್ನಾಗಿ ಕಾಯುವ ಮುಂಚೆ ನಿಲ್ಲಿಸಿದರೆ ಆ ಆವಿ ಸೈಲೆನ್ಸರಿನಲ್ಲೂ ಆಯಿಲ್‌ನಲ್ಲೂ ನೀರಾಗಿ ಉಳಿಯುತ್ತದೆ. ಸ್ಟಾರ್ಟ್ ಮಾಡಲು ಖರ್ಚಾದ ಚಾರ್ಜ್ ಕೂಡ ಅಷ್ಟರಲ್ಲಿ ಬ್ಯಾಟರಿಗೆ ವಾಪಸ್ ಬರುವುದಿಲ್ಲ.

ಕೊರೆಯುವ ಚಳಿ ಇಲ್ಲದ ಕಡೆ ಕಾರಿನ ಶತ್ರು ಚಳಿಯಲ್ಲ, ತೇವ. ಹಿಮ ಸುರಿಯುವ ದೇಶದವರು ಆರು ತಿಂಗಳು ಕಾರನ್ನು ಮುಚ್ಚಿಡುವ ಕ್ರಮವನ್ನು ಇಲ್ಲಿ ಹಾಗೇ ಅನುಸರಿಸಬೇಕಿಲ್ಲ. ರಸ್ತೆ ಒಣಗಿದ, ಬಿಸಿಲಿರುವ ದಿನ ನೋಡಿ, ಎರಡು ಮೂರು ವಾರಕ್ಕೊಮ್ಮೆ ಕಾರನ್ನು ಹೊರಗೆ ತನ್ನಿ. ಇಪ್ಪತ್ತು ಮೂವತ್ತು ಕಿಲೋಮೀಟರ್ ಓಡಿಸಿ. ಇಂಜಿನ್ ತಣಿಸುವ ಕೂಲೆಂಟಿನ ಬಿಸಿ ತೋರಿಸುವ ಮುಳ್ಳು ಮಧ್ಯಕ್ಕೆ ಬಂತು ಅಂದ ಮಾತ್ರಕ್ಕೆ ಆಯಿಲ್ ಕಾದಿದೆ ಅಂದುಕೊಳ್ಳಬೇಡಿ. ಆಯಿಲ್ ಬಿಸಿಯಾಗಲು ಇನ್ನೂ ಹೊತ್ತು ಬೇಕು. ಅಲ್ಲಿಯವರೆಗೆ ಇಂಜಿನ್ನನ್ನು ಜೋರಾಗಿ ರೇಸ್ ಮಾಡಬಾರದು. ಓಡಿಸುವಾಗ ಹತ್ತು ನಿಮಿಷ ಎಸಿಯನ್ನೂ ಹಾಕಿ, ಅದರ ಸೀಲ್‌ಗಳಿಗೆ ಎಣ್ಣೆ ತಲುಪುತ್ತದೆ. ಒಂದೆರಡು ಸಲ ಗಟ್ಟಿಯಾಗಿ ಬ್ರೇಕ್ ಒತ್ತಿದರೆ ಡಿಸ್ಕ್ ಮೇಲೆ ಕೂತ ತುಕ್ಕೂ ಹೋಗುತ್ತದೆ. ನನ್ನನ್ನು ಕೇಳಿದರೆ, ಇದಕ್ಕಿಂತ ಒಳ್ಳೆಯ ಆರೈಕೆ ಇಲ್ಲ.

ಹೊರಗೆ ತೆಗೆಯಲು ಆಗುವುದೇ ಇಲ್ಲ ಅನ್ನುವವರು ಮಾತ್ರ ನಿಲ್ಲಿಸುವ ಮುಂಚೆ ಪೂರ್ತಿ ತಯಾರಿ ಮಾಡಬೇಕು. ಆಯಿಲ್ ಬದಲಾಯಿಸುವ ಸಮಯ ಹತ್ತಿರ ಇದ್ದರೆ ನಿಲ್ಲಿಸುವ ಮೊದಲೇ ಬದಲಾಯಿಸಿ, ಆಮೇಲೆ ಅಲ್ಲ. ಹಳೇ ಆಯಿಲ್‌ನಲ್ಲಿ ಆಮ್ಲವೂ ನೀರಿನಂಶವೂ ಸೇರಿರುತ್ತವೆ. ಅದು ತಿಂಗಳುಗಟ್ಟಲೆ ಬೇರಿಂಗ್‌ಗಳ ಮೇಲೆ ಕೂರುವುದು ಬೇಡ. ಪೆಟ್ರೋಲ್ ಟ್ಯಾಂಕ್ ತುಂಬಿಸಿಡಿ. ಖಾಲಿ ಜಾಗ ಕಡಿಮೆ ಆದಷ್ಟೂ ತೇವದ ಗಾಳಿ ಒಳಗೆ ಸೇರುವುದು ಕಡಿಮೆ. ಎಥನಾಲ್ ಬೆರೆತ ಪೆಟ್ರೋಲ್ ನೀರನ್ನು ಎಳೆದುಕೊಳ್ಳುತ್ತದೆ. ಹಾಗಾಗಿ ಎರಡು ಮೂರು ತಿಂಗಳು ದಾಟುವುದಾದರೆ ಪೆಟ್ರೋಲ್ ಬೇಗ ಕೆಡದಂತೆ ತಡೆಯುವ ಫ್ಯುಯೆಲ್ ಸ್ಟೆಬಿಲೈಸರ್ ಹಾಕಿ. ಹಾಕಿದ ಮೇಲೆ ಹತ್ತು ನಿಮಿಷ ಕಾರ್ ಓಡಿಸಬೇಕು, ಆಗಲೇ ಅದು ಇಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್‌ವರೆಗೂ ಹೋಗುತ್ತದೆ.

ಬ್ಯಾಟರಿ ವಿಷಯದಲ್ಲಿ ಉದಾಸೀನ ಬೇಡವೇ ಬೇಡ. ಕಾರ್ ನಿಂತಿದ್ದರೂ ಅಲಾರಂ, ಗಡಿಯಾರ, ಕಂಪ್ಯೂಟರ್ ಎಲ್ಲವೂ ಸ್ವಲ್ಪ ಸ್ವಲ್ಪ ಕರೆಂಟ್ ಕುಡಿಯುತ್ತಲೇ ಇರುತ್ತವೆ. 50 ಮಿಲಿಆಂಪಿಯರ್ ಅಂತ ಲೆಕ್ಕ ಹಾಕಿ ನೋಡಿ. ದಿನಕ್ಕೆ 1.2 ಆಂಪಿಯರ್-ಅವರ್ (ಬ್ಯಾಟರಿಯ ಚಾರ್ಜ್ ಅಳೆಯುವ ಲೆಕ್ಕ) ಆಯಿತು. 60 ಆಂಪಿಯರ್-ಅವರ್ ಬ್ಯಾಟರಿ 50 ದಿನಕ್ಕೆ ಪೂರ್ತಿ ಬರಿದು. ಸ್ಟಾರ್ಟ್ ಆಗದಿರುವುದು ಅದಕ್ಕೂ ಎಷ್ಟೋ ಮೊದಲೇ. ಹಾಗೆ ಬರಿದಾಗಿ ಕೂತ ಲೆಡ್-ಆಸಿಡ್ ಬ್ಯಾಟರಿಯ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ, ಮತ್ತೆ ಮೊದಲಿನ ಶಕ್ತಿ ಬರುವುದಿಲ್ಲ. ಪೂರ್ತಿ ಚಾರ್ಜ್ ಇದ್ದರೆ ವೋಲ್ಟ್‌ಮೀಟರಿನಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12.4ಕ್ಕಿಂತ ಇಳಿಯಲು ಬಿಡಬೇಡಿ. ಎಲ್ಲಕ್ಕಿಂತ ಸುಲಭ ಅಂದರೆ, ಚಾರ್ಜ್ ತುಂಬಿದಾಗ ತಾನಾಗಿಯೇ ತಗ್ಗುವ ಬ್ಯಾಟರಿ ಮೆಂಟೇನರ್ ಜೋಡಿಸಿಡುವುದು. ಒಂದೇ ಸಮ ಕರೆಂಟ್ ಹರಿಸುವ ಹಳೇ ಬಗೆಯ ಚಾರ್ಜರ್ ತಿಂಗಳುಗಟ್ಟಲೆ ಬಿಡುವಂಥದ್ದಲ್ಲ. ಲಿಥಿಯಂ ಬ್ಯಾಟರಿ ಇದ್ದರೆ ಅದಕ್ಕೆಂದೇ ಇರುವ ಮೆಂಟೇನರ್ ಬೇಕು.

ಹತ್ತಿರ ಪ್ಲಗ್ ಇಲ್ಲವಾದರೆ ನೆಗೆಟಿವ್ ವೈರ್ ಬಿಚ್ಚಿಡಿ. ಆದರೆ ಒಂದು ಎಚ್ಚರಿಕೆ ಹೇಳಲೇಬೇಕು. ಕೆಲವು ಸ್ಪೋರ್ಟ್ಸ್ ಕಾರುಗಳಲ್ಲಿ ಬ್ಯಾಟರಿ ಇರುವ ಬಾನೆಟ್ಟಿನ ಬೀಗವೇ ಕರೆಂಟಿನಿಂದ ತೆರೆಯುವಂಥದ್ದು. ವೈರ್ ಬಿಚ್ಚಿ ಬಾನೆಟ್ ಮುಚ್ಚಿದರೆ ಮತ್ತೆ ತೆರೆಯಲು ಪರದಾಡಬೇಕು. ಚೌಕಟ್ಟಿಲ್ಲದ ಬಾಗಿಲಿನ ಕಾರುಗಳಲ್ಲಿ ಬಾಗಿಲು ತೆರೆದಾಗ ಗಾಜು ತುಸು ಕೆಳಗಿಳಿಯುತ್ತದೆ. ಕರೆಂಟ್ ಇಲ್ಲದಿದ್ದರೆ ಅದು ಇಳಿಯದೆ ರಬ್ಬರಿಗೆ ಸಿಕ್ಕಿಕೊಳ್ಳುತ್ತದೆ. ನಿಮ್ಮ ಕಾರಿನ ಮ್ಯಾನ್ಯುಯಲ್ ಒಮ್ಮೆ ಓದಿಯೇ ಕೈ ಹಾಕಿ.

ಟಯರಿಗೆ ಮೂರ್ನಾಲ್ಕು ಪಿಎಸ್‌ಐ ಗಾಳಿ ಜಾಸ್ತಿ ಹಾಕಿಡಿ, ಟಯರಿನ ಪಕ್ಕದಲ್ಲೇ ಬರೆದ ಮಿತಿ ಮಾತ್ರ ಮೀರಬೇಡಿ. ಹೊರಗಿನ ಬಿಸಿ 10 ಡಿಗ್ರಿ ಇಳಿದರೆ ಗಾಳಿ ಸುಮಾರು 2 ಪಿಎಸ್‌ಐ ತಾನೇ ಇಳಿಯುತ್ತದೆ. ತಿಂಗಳಿಗೊಮ್ಮೆ ಚಕ್ರ ಅರ್ಧ ಸುತ್ತು ತಿರುಗುವಷ್ಟು ಕಾರನ್ನು ತಳ್ಳಿದರೆ ಟಯರ್ ಒಂದೇ ಕಡೆ ಚಪ್ಪಟೆಯಾಗುವುದಿಲ್ಲ. ಹ್ಯಾಂಡ್‌ಬ್ರೇಕ್ ಎಳೆದೇ ಇಡಬಾರದು, ಪ್ಯಾಡ್ ಅಂಟಿಕೊಳ್ಳುತ್ತದೆ. ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಅಡೆ ಕೊಡಿ. ಇನ್ನೊಂದು ಮಾತು: ಬೇಸಿಗೆಗೆಂದು ಮಾಡಿದ ಟಯರುಗಳು 7 ಡಿಗ್ರಿಗಿಂತ ಕಡಿಮೆ ಚಳಿಯಲ್ಲಿ ಗಟ್ಟಿಯಾಗುತ್ತವೆ, ರಸ್ತೆಯ ಹಿಡಿತ ಕಡಿಮೆಯಾಗುತ್ತದೆ. ಅಂಥ ಬೆಳಗ್ಗೆ ಕಾರ್ ತೆಗೆಯಬೇಡಿ, ಮಧ್ಯಾಹ್ನದವರೆಗೆ ಕಾಯಿರಿ.

ತೊಳೆದು ಇಡಬೇಕು ಅಂತ ಎಲ್ಲರಿಗೂ ಗೊತ್ತು. ಒಣಗಿಸಿ ಇಡಬೇಕು ಅನ್ನುವುದೇ ಮರೆತುಹೋಗುತ್ತದೆ ಅಲ್ವಾ? ಚಕ್ರದ ಒಳಗೋಡೆ, ಬಾಗಿಲಿನ ಅಂಚು, ಕಾಲಡಿಯ ಮ್ಯಾಟ್ ಎಲ್ಲ ಒಣಗಿದ ಮೇಲೇ ಹೊದಿಕೆ ಹಾಕಿ. ಹೊದಿಕೆ ಗಾಳಿಯಾಡುವ ಬಟ್ಟೆಯದಿರಲಿ. ಪ್ಲಾಸ್ಟಿಕ್ ಹಾಳೆ ಹಾಕಿದರೆ ಒಳಗೆ ಬೆವರು ಕೂತು ಬಣ್ಣವೂ ಹೋಗುತ್ತದೆ, ಸೀಟಿಗೆ ಬೂಷ್ಟೂ ಹಿಡಿಯುತ್ತದೆ. ಮೇಲ್ಛಾವಣಿ ಮಡಚುವ ಕಾರಾದರೆ ಮಡಚಿ ಇಡಬೇಡಿ, ಬಟ್ಟೆಗೆ ಗೆರೆ ಬೀಳುತ್ತದೆ.

ಇಲಿ ಕಾಟ ಇದ್ದರೆ ಸೈಲೆನ್ಸರ್ ಬಾಯಿಗೂ ಗಾಳಿ ಎಳೆಯುವ ಕೊಳವೆಗೂ ಸ್ಟೀಲ್ ಜಾಲರಿ ಮುಚ್ಚಿ. ಮುಚ್ಚಿದ್ದನ್ನು ಒಂದು ಚೀಟಿಯಲ್ಲಿ ಬರೆದು ಸ್ಟೀರಿಂಗಿಗೆ ಅಂಟಿಸಿ. ಹೊರತೆಗೆಯುವ ದಿನ ಆ ಚೀಟಿ ಓದಿ, ಜಾಲರಿ ತೆಗೆದು, ಆಯಿಲ್ ಮಟ್ಟ ಮತ್ತು ಟಯರಿನ ಗಾಳಿ ನೋಡಿ, ಶೆಡ್ಡಿನ ಬಾಗಿಲು ಪೂರ್ತಿ ತೆರೆದ ಮೇಲೆಯೇ ಸ್ಟಾರ್ಟ್ ಮಾಡಿ.