ನಮ್ಮ ದೇಶದ ಕಡಲಲ್ಲಿ ಸರ್ಫಿಂಗ್: ಯಾವ ತಿಂಗ್ಳು, ಯಾರು, ಎಲ್ಲಿ ಇಳೀಬೇಕು

ಸರ್ಫಿಂಗ್ ಕಲೀಬೇಕು, ಎಲ್ಲಿಗೆ ಹೋಗ್ಲಿ ಅಂತ ಯಾರಾದ್ರೂ ಕೇಳಿದ್ರೆ ನಾನು ಮೊದ್ಲು ಕೇಳೋದು ಯಾವ ತಿಂಗ್ಳು ಹೋಗ್ತೀರ ಅಂತ. ನಮ್ಮಲ್ಲಿ ಒಂದೇ ಬೀಚು ಜನವರೀಲಿ ಮಕ್ಕಳು ಆಡೋ ಹಾಗಿರತ್ತೆ, ಅದೇ ಬೀಚು ಜುಲೈಲಿ ನೋಡಿದ್ರೆ ದಡದಲ್ಲಿ ನಿಲ್ಲಕ್ಕೂ ಭಯ ಆಗತ್ತೆ. ಹಾಗಾಗಿ "ಬಿಗಿನರ್‌ಗೆ ಒಳ್ಳೇ ಸ್ಪಾಟು" ಅಂತ ಬರೀ ಜಾಗದ ಹೆಸ್ರು ಹೇಳಿದ್ರೆ ಅರ್ಧ ಉತ್ತರ ಅಷ್ಟೇ, ತಿಂಗ್ಳೂ ಸೇರಿಸಿ ಹೇಳ್ಬೇಕು.

ಲೆಕ್ಕ ಸಿಂಪಲ್. ನಮ್ಮ ಪಶ್ಚಿಮ ಕರಾವಳಿ ಅಂದ್ರೆ ಗೋವಾ, ಕರ್ನಾಟಕ, ಕೇರಳ, ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಮುಂಗಾರು ನೇರ ಮುಖಕ್ಕೇ ಹೊಡಿಯತ್ತೆ, ಗಾಳಿ ಸಮುದ್ರದಿಂದ ದಡದ ಕಡೆ ಬೀಸೋದ್ರಿಂದ ಅಲೆಗೆ ಒಂದು ಆಕಾರ ಅನ್ನೋದೇ ಇರಲ್ಲ, ಬರೀ ಕೆಸರು ಬಣ್ಣದ ನೊರೆ. ಅಕ್ಟೋಬರ್ ಆದ್ಮೇಲೆ ಸಮುದ್ರ ಇಳಿಯತ್ತೆ, ಡಿಸೆಂಬರ್‌ನಿಂದ ಫೆಬ್ರವರಿ ತನಕ ಸಣ್ಣ ಮೆತ್ತನೆ ಅಲೆ, ಏಪ್ರಿಲ್ ಮೇ ಹೊತ್ತಿಗೆ ಮತ್ತೆ ದೊಡ್ಡದಾಗ್ತಾ ಬರತ್ತೆ. ಪೂರ್ವ ಕರಾವಳೀಲಿ ಇದು ಉಲ್ಟಾ. ಅದೇ ಮುಂಗಾರು ಗಾಳಿ ಇಡೀ ಭೂಮಿ ದಾಟಿ ತಮಿಳುನಾಡಲ್ಲಿ ದಡದಿಂದ ಸಮುದ್ರದ ಕಡೆ ಬೀಸತ್ತೆ, ಇದಕ್ಕೆ ಆಫ್‌ಶೋರ್ ಅಂತಾರೆ, ಬರೋ ಅಲೆಗೆ ಎದುರು ಗಾಳಿ ಸಿಕ್ಕಿ ಅದು ಬೇಗ ಮುರಿಯಲ್ಲ, ಗೋಡೆ ತರ ನಿಂತು ನುಣ್ಣಗೆ ಬರತ್ತೆ. ಅದಕ್ಕೇ ಜೂನ್‌ನಿಂದ ಸೆಪ್ಟೆಂಬರ್ ಬೆಳಗ್ಗೆ ಹೊತ್ತು ಚೆನ್ನೈ ಕಡೆ ಅಷ್ಟು ಚೆನ್ನಾಗಿರೋದು. ಅಕ್ಟೋಬರ್‌ನಿಂದ ಡಿಸೆಂಬರ್ ಅಲ್ಲಿ ಹಿಂಗಾರು, ಸೈಕ್ಲೋನ್ ಟೈಮು, ಹೊಸಬ್ರು ಆಗ ಆ ಕಡೆ ಪ್ಲಾನ್ ಮಾಡ್ಬೇಡಿ.

ಈಗ ಏನೂ ಗೊತ್ತಿಲ್ಲದೋರಿಗೆ. ನಮ್ಮವರಿಗೆ ಹತ್ರ ಅಂದ್ರೆ ಮುಲ್ಕಿ. ಶಾಂಭವಿ ನದಿ ಸಮುದ್ರಕ್ಕೆ ಸೇರೋ ಜಾಗ, ದೇಶದಲ್ಲಿ ಸರ್ಫಿಂಗ್ ಹೇಳಿಕೊಡಕ್ಕೆ ಶುರು ಮಾಡಿದ ಮೊದಲ ಜಾಗಗಳಲ್ಲಿ ಇದೂ ಒಂದು, 2004ರ ಹೊತ್ತಿಗೇ ಇಲ್ಲಿ ಸರ್ಫ್ ಆಶ್ರಮ ಇತ್ತು. ತಳ ಪೂರ್ತಿ ಮರಳು, ಬಿದ್ರೆ ಏಟಾಗೋದು ಕಮ್ಮಿ. ನವೆಂಬರ್‌ನಿಂದ ಮಾರ್ಚ್ ತನಕ ಸೊಂಟದ ಮಟ್ಟದ ನೀರಲ್ಲಿ ನಿಂತು ನೊರೆ ಅಲೇಲಿ (ಮುರಿದ್ಮೇಲೆ ನೊರೆಯಾಗಿ ದಡಕ್ಕೆ ಬರೋ ಅಲೆ) ಪ್ರಾಕ್ಟೀಸ್ ಮಾಡ್ಬಹುದು. ಅದೇ ತಿಂಗಳುಗಳಲ್ಲಿ ಗೋಕರ್ಣದ ಕಡೆ ಮತ್ತೆ ಗೋವಾದ ಅಶ್ವೆಂ, ಮಾಂದ್ರೆಂ ಕೂಡ ಮೊದಲ ಪಾಠಕ್ಕೆ ಸಾಕು, ಅಲೆ ಸಣ್ಣದು. ಕೇರಳದಲ್ಲಿ ಕೋವಳಂ ಲೈಟ್‌ಹೌಸ್ ಬೀಚು.

ಇಲ್ಲೊಂದು ಮಾತು, ಕೋವಳಂ ಅಂತ ಎರಡಿದೆ. ಒಂದು ತಿರುವನಂತಪುರದ ಹತ್ರ, ಇನ್ನೊಂದು ಚೆನ್ನೈನಿಂದ ಇಸಿಆರ್ (ಈಸ್ಟ್ ಕೋಸ್ಟ್ ರೋಡ್) ರಸ್ತೇಲಿ ಸುಮಾರು 40 ಕಿಲೋಮೀಟರ್, ಇಂಗ್ಲಿಷಲ್ಲಿ ಕೋವ್‌ಲಾಂಗ್ ಅಂತ ಬರೀತಾರೆ. ಎರಡರಲ್ಲೂ ಸರ್ಫಿಂಗ್ ಇದೆ, ಎರಡರದ್ದೂ ಸೀಸನ್ ಬೇರೆ ಬೇರೆ, ರೂಮ್ ಬುಕ್ ಮಾಡೋವಾಗ ಒಂದ್ಸಲ ಜಿಲ್ಲೆ ನೋಡ್ಕೊಳ್ಳಿ.

ಮೊದಲ ವಾರ ಬೋರ್ಡ್ ಕೊಂಡ್ಕೋಬೇಡಿ, ಬಾಡಿಗೆಗೆ ತಗೊಳ್ಳಿ, ಎಂಟು ಒಂಬತ್ತು ಅಡಿ ಉದ್ದದ ಸಾಫ್ಟ್ ಟಾಪ್ (ಮೇಲ್ಭಾಗ ಮೆತ್ತನೆ ಫೋಮ್ ಇರೋ ಬೋರ್ಡ್) ಕೇಳಿ. ನೋಡಕ್ಕೆ ಚೆಂದ ಅಂತ ಸಣ್ಣ ಚೂಪು ಬೋರ್ಡ್ ತಗೊಂಡೋರು ಒಂದು ವಾರ ಆದ್ರೂ ಎದ್ದು ನಿಂತಿರಲ್ಲ. ದೊಡ್ಡ ಬೋರ್ಡ್ ತೇಲತ್ತೆ, ಬೇಗ ಅಲೆ ಹಿಡಿಯತ್ತೆ. ಹಿಡಿದಾಗ ಏಳೋದು ಹೇಗೆ ಅಂದ್ರೆ, ಅಂಗೈ ಎರಡನ್ನೂ ಎದೆ ಪಕ್ಕ ಬೋರ್ಡ್ ಮೇಲೆ ಚಪ್ಪಟೆ ಇಟ್ಟು (ಅಂಚು ಹಿಡ್ಕೋಬಾರ್ದು, ಹಿಡಿದ್ರೆ ಬೋರ್ಡ್ ಆ ಕಡೆಗೇ ವಾಲತ್ತೆ) ಎದೆ ಎತ್ತಿ ಒಂದೇ ಏಟಿಗೆ ಕಾಲನ್ನ ಮೈ ಕೆಳಗೆ ತರ್ಬೇಕು, ಮಂಡಿ ಊರೋ ಅಭ್ಯಾಸ ಆದ್ರೆ ಬಿಡಿಸೋದು ಬಹಳ ಕಷ್ಟ, ಕಣ್ಣು ಕಾಲಿನ ಕಡೆ ಅಲ್ಲ ದಡದ ಕಡೆ. ಮನೇಲಿ ಚಾಪೆ ಮೇಲೆ ದಿನಾ ಇಪ್ಪತ್ತು ಸಲ ಮಾಡಿ ಹೋಗಿ, ಅಲ್ಲಿ ಎರಡು ದಿನ ಉಳಿಯತ್ತೆ.

ನೊರೆ ಅಲೇಲಿ ಹತ್ತರಲ್ಲಿ ಎಂಟು ಸಲ ಎದ್ದು ನಿಲ್ತೀರ, ಒಬ್ರೇ ಪ್ಯಾಡಲ್ ಮಾಡಿ (ಬೋರ್ಡ್ ಮೇಲೆ ಮಲಗಿ ಕೈಯಲ್ಲೇ ಹುಟ್ಟು ಹಾಕಿ) ಆಚೆ ಹೋಗ್ತೀರ ಅಂದ್ರೆ ಮುಂದಿನ ಹಂತ. ಇಲ್ಲಿ ನನ್ನ ಆಯ್ಕೆ ಚೆನ್ನೈ ಹತ್ರದ ಕೋವಳಂ, ಮೀನುಗಾರರ ಹಳ್ಳಿ, ಅಲ್ಲಿನ ಹುಡುಗ್ರಿಗೆ ಆ ನೀರು ಹುಟ್ಟಿದಾಗಿಂದ ಗೊತ್ತು, ಅವರ ಜೊತೆ ಒಂದು ವಾರ ಇದ್ರೆ ಅಲೆ ಓದೋದು ಕಲೀತೀರ. ಪುದುಚೇರಿ ಹತ್ರದ ಸೆರೆನಿಟಿ ಬೀಚೂ ಇದೇ ಮಟ್ಟದ್ದು. ವರ್ಕಲಾದಲ್ಲಿ ಬಂಡೆಗುಡ್ಡದ ಕೆಳಗಿನ ಮೇನ್ ಬೀಚಲ್ಲಿ ಸೆಳೆತ (ದಡದಿಂದ ಸಮುದ್ರದೊಳಗೆ ಎಳೆಯೋ ನೀರು) ಜಾಸ್ತಿ, ಅಲೆ ದಡಕ್ಕೇ ಬಂದು ಧಬ್ ಅಂತ ಬೀಳತ್ತೆ, ಕಲಿಯೋರು ಉತ್ತರಕ್ಕೆ ಎಡವಾ ಕಡೆ ಹೋಗೋದು ವಾಸಿ. ವಿಶಾಖಪಟ್ಟಣದ ರುಷಿಕೊಂಡ, ಒಡಿಶಾದ ಪುರಿ ಕಡೇನೂ ಸರ್ಫ್ ಮಾಡ್ತಾರೆ, ಜನ ಕಮ್ಮಿ.

ಸಸಿಹಿತ್ಲು ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ. ಮುಲ್ಕಿ ಪಕ್ಕದಲ್ಲೇ, ಒಂದು ಕಡೆ ನದಿ ಒಂದು ಕಡೆ ಕಡಲು, ನಡುವೆ ಮರಳಿನ ಪಟ್ಟಿ. 2016ರ ಮೇ ತಿಂಗಳಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ನಡೆದಿದ್ದು ಇಲ್ಲೇ. ಮೇ ತಿಂಗಳು ಅನ್ನೋದನ್ನ ಗಮನಿಸಿ, ಕಾಂಪಿಟಿಷನ್‌ಗೆ ದೊಡ್ಡ ಅಲೆ ಬೇಕು, ನಿಮಗಲ್ಲ. ಅಳಿವೆ ಬಾಗಿಲು (ನದಿ ಕಡಲು ಸೇರೋ ಬಾಯಿ) ಅಂದ್ರೆ ಅಲ್ಲಿ ಇಳಿತದ ಹೊತ್ತಲ್ಲಿ ನದಿ ನೀರೆಲ್ಲಾ ಒಟ್ಟಿಗೆ ಸಮುದ್ರಕ್ಕೆ ನುಗ್ಗತ್ತೆ. ನಾನು ಕಲಿಯೋಕೆ ಶುರು ಮಾಡಿ ಎರಡನೇ ತಿಂಗಳಲ್ಲಿ, ಇಳಿತ ಅಂತ ಗೊತ್ತಿದ್ದೂ, ಅಳಿವೆ ಹತ್ರ ನೀರು ಸಮತಟ್ಟಾಗಿ ಶಾಂತವಾಗಿ ಕಾಣ್ತಿದೆ ಅಂತ ಅಲ್ಲೇ ಇಳಿದೆ. ಐದು ನಿಮಿಷದಲ್ಲಿ ದಡದ ತೆಂಗಿನಮರಗಳು ಬೆರಳುದ್ದ ಕಾಣ್ತಿದ್ವು, ದಡದ ಕಡೆ ಎಷ್ಟು ಪ್ಯಾಡಲ್ ಮಾಡಿದ್ರೂ ಅಲ್ಲೇ ಇದ್ದೆ, ತೋಳು ಕಲ್ಲಾಗಿತ್ತು. ಆಮೇಲೆ ಬೋರ್ಡ್ ಮೇಲೆ ಮಲಗಿ ಉಸಿರು ಸರಿ ಮಾಡ್ಕೊಂಡು ದಡಕ್ಕೆ ಅಡ್ಡಲಾಗಿ, ಉತ್ತರದ ಕಡೆ ಪ್ಯಾಡಲ್ ಮಾಡಿ ಸೆಳೆತದಿಂದ ಆಚೆ ಬಂದು, ಅಲೆ ಮುರೀತಿದ್ದ ಜಾಗದಲ್ಲಿ ನೊರೆ ಜೊತೆ ದಡ ಸೇರಿದೆ. ಅಲೆ ಮುರಿಯದೆ ನೀರು ಸ್ವಲ್ಪ ಕಪ್ಪಗೆ ಸಮತಟ್ಟಾಗಿ ಕಾಣೋ ಓಣಿ ಇದ್ಯಲ್ಲ, ಬಹಳ ಸಲ ಅದೇ ಸೆಳೆತ. ಈಜಕ್ಕೆ ಅದೇ ಸೇಫ್ ಅನ್ಸತ್ತೆ, ಅಲ್ಲೇ ಜನ ಹೋಗೋದು.

ಹಾಗಾಗಿ ಯಾವ ಬೀಚಾದ್ರೂ ಇಳಿಯೋ ಮುಂಚೆ ಅರ್ಧ ಗಂಟೆ ಮರಳಲ್ಲಿ ಕೂತು ನೋಡಿ. ಅಲೆ ಎಲ್ಲಿ ಮೊದ್ಲು ಮುರಿಯತ್ತೆ, ಸೆಟ್ (ಒಂದರ ಹಿಂದೊಂದು ಬರೋ ದೊಡ್ಡ ಅಲೆಗಳ ಗುಂಪು) ಎಷ್ಟು ಹೊತ್ತಿಗೊಮ್ಮೆ ಬರತ್ತೆ, ಲೋಕಲ್ ಹುಡುಗ್ರು ಎಲ್ಲಿಂದ ಒಳಗೆ ಹೋಗ್ತಾರೆ, ಕೈರಂಪಣಿ ಬಲೆ (ದಡದಿಂದ ಕೈಯಲ್ಲಿ ಎಳೆಯೋ ಮೀನುಬಲೆ) ಬಿಟ್ಟಿದಾರಾ, ಬಿಟ್ಟಿದ್ರೆ ಎಳೆದು ಮುಗಿಯೋ ತನಕ ಆ ಕಡೆ ಹೋಗ್ಬೇಡಿ, ಅದು ಅವರ ಹೊಟ್ಟೆಪಾಡು, ನಿಮ್ಮ ಲೀಶ್ (ಕಾಲಿಗೂ ಬೋರ್ಡಿಗೂ ಕಟ್ಟೋ ಹಗ್ಗ) ಸಿಕ್ಕಾಕೊಂಡ್ರೆ ಇಬ್ರಿಗೂ ನಷ್ಟ. ಹಿಂದಿನ ರಾತ್ರೀನೇ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯ ಮುನ್ಸೂಚನೆ ನೋಡಿ, ಅಲೆ ಎತ್ತರ ಅಷ್ಟೇ ಅಲ್ಲ, ಎರಡು ಅಲೆ ನಡುವೆ ಎಷ್ಟು ಸೆಕೆಂಡು ಅಂತಾನೂ ನೋಡಿ. ಒಂದು ಮೀಟರ್ ಅಲೆ ಆರು ಸೆಕೆಂಡಿಂದಾದ್ರೆ ಬಲ ಕಮ್ಮಿ, ಅದೇ ಒಂದು ಮೀಟರು ಹದಿನಾಲ್ಕು ಸೆಕೆಂಡಿಂದಾದ್ರೆ ಬಹಳ ದೂರದಿಂದ ಬಂದ ಅಲೆ, ಹೊಡೆತ ಬೇರೇನೇ. ಕೇರಳದಲ್ಲಿ ಕಳ್ಳಕ್ಕಡಲ್ ಅಂತಾರೆ, ಇಲ್ಲಿ ಗಾಳಿ ಮಳೆ ಏನೂ ಇರಲ್ಲ, ದಕ್ಷಿಣ ಹಿಂದೂ ಮಹಾಸಾಗರದಲ್ಲೆಲ್ಲೋ ಎದ್ದ ತೂಫಾನಿನ ಅಲೆ ಕಳ್ಳನ ಹಾಗೆ ಬಂದು ದಡ ಹತ್ತತ್ತೆ. ಆ ಎಚ್ಚರಿಕೆ ಇದ್ದ ದಿನ ನೀರಿಗಿಳಿಯೋ ಮಾತೇ ಬೇಡ.

ಚೆನ್ನಾಗಿ ಬರೋರಿಗೆ ಮಹಾಬಲಿಪುರಂ. ಕಡಲ ತೀರದ ದೇವಸ್ಥಾನದ ಪಕ್ಕ ಬಂಡೆ ಇದ್ಯಲ್ಲ, ದಕ್ಷಿಣದ ಸ್ವೆಲ್ (ದೂರದಿಂದ ಸಾಗಿ ಬರೋ ಅಲೆ) ಅದನ್ನ ಬಳಸಿ ತಿರುಗಿ ಬಂದು ಉದ್ದಕ್ಕೆ ಬಲಗಡೆ ಮುರಿಯತ್ತೆ, ಒಂದೇ ಅಲೇಲಿ ಮೂರ್ನಾಲ್ಕು ತಿರುವು ಹಾಕ್ಬಹುದು. 2025ರ ಆಗಸ್ಟಲ್ಲಿ ಏಷ್ಯನ್ ಸರ್ಫಿಂಗ್ ಚಾಂಪಿಯನ್‌ಶಿಪ್ ಇದೇ ಊರಲ್ಲಿ ಆಯ್ತು, ನಮ್ಮ ರಮೇಶ್ ಬೂದಿಹಾಳ್ ಕಂಚು ಗೆದ್ರು, ಅದನ್ನ ನೆನೆಸ್ಕೊಂಡ್ರೆ ಈಗ್ಲೂ ಮೈ ಜುಮ್ ಅನ್ನತ್ತೆ. ಇಲ್ಲಿ ನೀರಲ್ಲಿ ಜನ ಜಾಸ್ತಿ, ಒಂದು ನಿಯಮ ಮರೀಬೇಡಿ, ಅಲೆ ಮುರಿಯೋಕೆ ಶುರುವಾಗೋ ಜಾಗಕ್ಕೆ ಯಾರು ಹತ್ರ ಇದಾರೋ ಆ ಅಲೆ ಅವರದ್ದು, ಮಧ್ಯ ನುಗ್ಗಿದ್ರೆ ಜಗಳ ಅಷ್ಟೇ ಅಲ್ಲ, ಬೋರ್ಡಿನ ಅಡಿಯ ಫಿನ್ (ರೆಕ್ಕೆ) ತಾಗಿ ಹೊಲಿಗೆ ಬೀಳತ್ತೆ.

ಇನ್ನು ಲಿಟಲ್ ಅಂಡಮಾನ್. ಅಲ್ಲಿ ಹೆಸರುವಾಸಿ ಕುಮಾರಿ ಪಾಯಿಂಟ್, ಮಾರ್ಚ್ ಏಪ್ರಿಲ್ ಕಡೆ. ತಳ ಮರಳಲ್ಲ, ಹವಳದ ದಿಬ್ಬ, ಬಿದ್ರೆ ಚರ್ಮ ಕಿತ್ತು ಬರತ್ತೆ, ಹವಳದ ಗಾಯ ಬೇಗ ಕೀವಾಗತ್ತೆ, ಹಾಗಾಗಿ ಬಿದ್ದಾಗ ತಲೆ ಕೆಳಗಾಗಿ ಹಾರದೆ ಮೈ ಅಗಲ ಮಾಡಿ ಚಪ್ಪಟೆ ಬೀಳೋದು ರೂಢಿ ಆಗಿರ್ಬೇಕು. ಅಂಡಮಾನಿನ ರಾಜಧಾನಿ ಪೋರ್ಟ್ ಬ್ಲೇರ್‌ನಿಂದ (ಈಗಿನ ಹೆಸರು ಶ್ರೀ ವಿಜಯಪುರಂ) ಹಡಗಲ್ಲಿ ಹಟ್ ಬೇಗೆ ಹೋಗ್ಬೇಕು, ಹವಾಮಾನ ಕೆಟ್ರೆ ಹಡಗು ಬರಲ್ಲ, ಅದಕ್ಕೆ ವಾಪಸ್ ಫ್ಲೈಟಿಗೆ ಎರಡು ಮೂರು ದಿನ ಮುಂಚೇನೇ ದ್ವೀಪ ಬಿಡೋ ಹಾಗೆ ಟಿಕೆಟ್ ಮಾಡಿ. ಅಲ್ಲಿನ ಮೂಲನಿವಾಸಿ ಒಂಗೆ ಜನರ ಮೀಸಲು ಪ್ರದೇಶದ ಕಡೆ ಕಾಲಿಡೋ ಹಾಗಿಲ್ಲ. ತೊರೆ ಸಮುದ್ರ ಸೇರೋ ಕಡೆ ಮೊಸಳೆ ಇರತ್ತೆ, ಉಪ್ಪುನೀರಿನ ದೊಡ್ಡ ಜಾತಿ, ಎಲ್ಲಿ ಇಳೀಬಹುದು ಅಂತ ದಿನಾ ಬೆಳಗ್ಗೆ ಊರಿನವರನ್ನ ಕೇಳಿ. ಆಂಟಿಸೆಪ್ಟಿಕ್, ಬ್ಯಾಂಡೇಜು, ಒಂದು ಸ್ಪೇರ್ ಲೀಶು, ಬೋರ್ಡ್ ತೂತಾದ್ರೆ ಮುಚ್ಚೋ ರೆಸಿನ್, ಇವಿಷ್ಟನ್ನ ಇಲ್ಲಿಂದಲೇ ತಗೊಂಡು ಹೋಗಿ, ದ್ವೀಪದಲ್ಲಿ ಸಿಗತ್ತೆ ಅಂತ ನಂಬ್ಕೊಂಡು ಹೋಗ್ಬೇಡಿ.