ಮೊರ ಹಿಡಿದ ಯಶೋದೆ: ನಿಮ್ಮ ಅಭಿನಯ ಹುಡುಕುವ ಬಗೆ

ಹದಿನಾಲ್ಕು ವರ್ಷ ಭರತನಾಟ್ಯ ಕಲಿತ ಮೇಲೂ ನನ್ನ ಅಭಿನಯ ಗುರುಗಳ ಪಡಿಯಚ್ಚಾಗಿತ್ತು. ಅದರಿಂದ ಹೊರಬಂದ ದಾರಿ ಹೇಳುತ್ತೇನೆ.

ದೇವರನಾಮದ ಒಂದೇ ಸಾಲು ಆರಿಸಿ. ಅದಕ್ಕೆ ಹತ್ತು ಬೇರೆ ಬೇರೆ ಸಂಚಾರಿ (ಸಾಲಿನ ಭಾವವನ್ನು ಅಭಿನಯದಲ್ಲಿ ಬಿಡಿಸಿ ಬೆಳೆಸುವ ತುಣುಕು) ಮಾಡಿ, ಮೊಬೈಲಿನಲ್ಲಿ ಹಿಡಿದು, ಸದ್ದು ಆಫ್ ಮಾಡಿ ನೋಡಿ. ಮೊದಲ ಮೂರ್ನಾಲ್ಕು ಕಲಿತದ್ದೇ ಆಗಿರುತ್ತವೆ. ಆರನೆಯದಕ್ಕೆ ಕೈ ತಡವರಿಸುತ್ತದೆ. ಅಲ್ಲೇ ನಿಲ್ಲಿ, ಅವಸರ ಬೇಡ.

ಯಶೋದೆಯಾಗಿ ನಾನು ತಡವರಿಸಿದಾಗ ನೆನಪಾದದ್ದು ಅಜ್ಜಿ ಅಕ್ಕಿ ಕೇರುವ ರೀತಿ. ಮಣಿಕಟ್ಟಿನ ಸಣ್ಣ ಒದೆತ, ಗಾಳಿಯಲ್ಲೇ ಕಲ್ಲು ಗುರುತಿಸುವ ಕಣ್ಣು, ನಡುವೆ ತೊಟ್ಟಿಲ ಕಡೆಗೊಂದು ನೋಟ. ಅದನ್ನೇ ಎಂಟು ಎಣಿಕೆಯ ಆದಿತಾಳದ ಎರಡು ಆವರ್ತಕ್ಕೆ, ಅಂದರೆ ಎರಡು ಸುತ್ತಿಗೆ, ಕೂರಿಸಿದೆ. ಕೈಯಲ್ಲಿ ಮೊರದ ಭಾರ ಕಾಣಬೇಕು; ಇಲ್ಲದಿದ್ದರೆ ಬರೀ ಮುದ್ರೆ.

ಪರಂಪರೆ ಇದಕ್ಕೆ ಅಡ್ಡಿಯಲ್ಲ. ಮೈಸೂರು ಆಸ್ಥಾನದ ನರ್ತಕಿ ಜಟ್ಟಿ ತಾಯಮ್ಮನವರ ಶಿಷ್ಯೆ ಕೆ. ವೆಂಕಟಲಕ್ಷಮ್ಮ (1906–2002) ಅಭಿನಯಕ್ಕೇ ಹೆಸರಾದವರು. ಭರತನಾಟ್ಯದ ಈ ಮೈಸೂರು ಶೈಲಿಯ ಹಿರಿಯರನ್ನು ನೋಡುವಾಗ ಹಸ್ತಕ್ಕಿಂತ ಹುಬ್ಬು ಗಮನಿಸಿ.

ಆಮೇಲೆ ಆ ತುಣುಕನ್ನು ಬೇರೆ ಮೈಕಟ್ಟಿನವರಿಗೆ ಕಲಿಸಿ. ನನ್ನ ಎತ್ತರದ ವಿದ್ಯಾರ್ಥಿನಿ ಮೊರವನ್ನು ಎದೆಮಟ್ಟಕ್ಕೆ ಹಿಡಿದಳು. ನಾನು ತಿದ್ದಲಿಲ್ಲ, ಅವರ ಮನೆಯಲ್ಲಿ ನಿಂತೇ ಕೇರುತ್ತಾರಂತೆ.